ಎರಡು ಪೆನ್ಸಿಲ್ ಗೀಟು

ಮಗಳಿಗೆ ಇನ್ನೊಂದು ಸೈಕಲ್ ಇರಲಿಲ್ಲ.

ಇದ್ದ ಒಂದನ್ನು ಅವಳು ಮಂಗಳವಾರ ಬೆಳಿಗ್ಗೆ ಇಪ್ಪತ್ತೆರಡನೇ ವಾಲ್ವಿನ ಕೆಳಗಿನ ತಿರುವಿನಲ್ಲಿ ಕಾಂಕ್ರೀಟ್ ದಿಮ್ಮಿಗೆ ಗುದ್ದಿಸಿದಳು. ಜಲ್ಲಿ ಜಾರಿತು, ಅಷ್ಟೇ. ಮೊಣಕೈ ತರಚಿತು, ಪ್ಯಾಂಟಿನ ಮಂಡಿ ಹರಿಯಿತು, ಮುಂದಿನ ಚಕ್ರ ಸೊಟ್ಟಗಾಯಿತು. ಎದ್ದು ಮಣ್ಣು ಕೊಡವಿಕೊಂಡು, ಉಳಿದ ವಾಲ್ವುಗಳನ್ನು ಸೈಕಲ್ ತಳ್ಳಿಕೊಂಡೇ ನೋಡಿ ಮುಗಿಸಿ, ನೇರ ರಿಪೇರಿ ಅಂಗಡಿಗೆ ಹೋದಳು.

ಊರಿಗೆ ಕುಡಿಯುವ ನೀರು ತರುವ ದೊಡ್ಡ ಪೈಪೊಂದು ಗುಡ್ಡದ ಪಕ್ಕೆ ಹಿಡಿದು ಹನ್ನೊಂದು ಕಿಲೋಮೀಟರ್ ಇಳಿದು ಬರುತ್ತಿತ್ತು. ದಿನಾ ಅದರ ಪಕ್ಕದ ಕಾಲುದಾರಿಯಲ್ಲಿ ಹತ್ತಿ ಇಳಿದು, ಮೂವತ್ತೊಂದು ವಾಲ್ವು ನೋಡಿ, ಒತ್ತಡದ ಅಂಕಿ ಪುಸ್ತಕದಲ್ಲಿ ಬರೆದು ತರುವುದು ಅವಳ ಕೆಲಸ. ಪೈಪಿನ ಮೈಮೇಲೆ ಎಲ್ಲಾದರೂ ಒದ್ದೆ ಕಂಡರೆ ಸುತ್ತ ಸೀಮೆಸುಣ್ಣದ ಗೆರೆ ಎಳೆದು ತಾರೀಖು ಹಾಕಬೇಕು. ಮರುದಿನ ಒದ್ದೆ ಗೆರೆ ದಾಟಿದ್ದರೆ ಅದು ಸೋರಿಕೆ, ಅವತ್ತೇ ಬರೆದು ಕೊಡಬೇಕು. ದಾಟದಿದ್ದರೆ ಬರೀ ಬೆವರು. ದಾರಿ ಮೋಟಾರುಬೈಕಿಗೆ ಇಕ್ಕಟ್ಟು, ಕಾಲಿಗೆ ಉದ್ದ. ದಪ್ಪ ಟೈರಿನ ಗುಡ್ಡದ ಸೈಕಲ್ ಸ್ವಂತದ್ದೇ ಇರಬೇಕು ಅಂತ ಕೆಲಸದ ಕಾಗದದಲ್ಲೇ ಬರೆದಿತ್ತು. ನೂರೈವತ್ತಾರು ಸುತ್ತನ್ನು ಒಂದೂ ತಪ್ಪಿಸದೆ ಮುಗಿಸಿದವರಿಗೆ ಕೆಲಸ ಕಾಯಂ ಆಗುತ್ತದೆ ಅಂತಲೂ ಬರೆದಿತ್ತು. ಅವಳದು ನೂರ ಇಪ್ಪತ್ತನಾಲ್ಕು ಆಗಿತ್ತು.

ಇನ್ನೊಂದು ಸಾಲು ಅದರ ಕೆಳಗಿತ್ತು. ಅದನ್ನು ಅವಳು ಮನೆಯಲ್ಲಿ ಓದಿ ಹೇಳಿರಲಿಲ್ಲ. ಕಾಯಂ ಆದವರಿಗೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಪಕ್ಕ ಒಂದು ಕೋಣೆ. ಒಂದು ಮಂಚ, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮನೆಯಲ್ಲಿ ಅವಳ ಹಾಸಿಗೆ ಅಜ್ಜಿಯ ಮಂಚಕ್ಕೂ ಅಮ್ಮನ ಹೊಲಿಗೆ ಮಷೀನಿಗೂ ನಡುವೆ. ಮಗ್ಗುಲು ಬದಲಿಸಿದರೆ ಮಷೀನಿನ ಕಾಲು ಪೆಡಲ್ ತಾಗಿ ಚಕ್ರ ತಿರುಗುತ್ತಿತ್ತು. ವಯಸ್ಸು ಇಪ್ಪತ್ತಾರು.

ಸೈಕಲ್ ರಿಪೇರಿಯವನನ್ನು ಬೀದಿಯೆಲ್ಲ ಕಡ್ಡಿ ಅಂತಲೇ ಕರೆಯುತ್ತಿತ್ತು. ಅವನ ಮೈಕಟ್ಟೇ ಹಾಗಿತ್ತು. ಚಕ್ರವನ್ನು ಹತ್ತು ನಿಮಿಷದಲ್ಲಿ ನೇರ ಮಾಡಿದ. ಆಮೇಲೆ ಸೈಕಲನ್ನು ತಲೆಕೆಳಗು ಮಾಡಿ, ಹ್ಯಾಂಡಲ್ಲಿನ ಬುಡದಿಂದ ಪೆಡಲ್ಲಿನ ಕಡೆಗೆ ಇಳಿಯುವ ದಪ್ಪ ಕೊಳವೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಬೆಸುಗೆಯ ಪಕ್ಕದಲ್ಲಿ ಉಗುರಿನಷ್ಟು ಉದ್ದದ ಒಂದು ಗೆರೆ ಕಂಡಿತು.

"ಬಣ್ಣ ಬಿರಿದಿರೋದಾ, ಲೋಹ ಬಿರಿದಿರೋದಾ?" ಅಂತ ಅವಳು ಕೇಳಿದಳು.

"ಉಗುರು ಆಡಿಸಿ ನೋಡು ತಂಗಿ. ಸಿಕ್ಕಿಕೊಳ್ಳತ್ತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಸಿಕ್ತು ಅಂತಲೇ ಲೆಕ್ಕ. ಕಬ್ಬಿಣದ್ದಾದ್ರೆ ಬಗ್ಗಿ ಹೇಳತ್ತೆ, ಕಿರ್ರ್ ಅಂದು ಹೇಳತ್ತೆ. ಇದು ಅಲ್ಯೂಮಿನಿಯಂ. ಮೂಗಬಸವ. ಹೋಗೋ ದಿನವೇ ಬಾಯಿ ಬಿಡೋದು."

"ವೆಲ್ಡಿಂಗ್ ಮಾಡಿಸಿದ್ರೆ?"

"ಕಾಯಿಸಿದ ಜಾಗದ ಪಕ್ಕ ಮೆತ್ತಗಾಗತ್ತೆ. ಜೀರ್ಣವಾದ ಬಟ್ಟೆಗೆ ತೇಪೆ ಹಾಕಿದ ಹಾಗೆ, ತೇಪೆ ಗಟ್ಟಿ, ಪಕ್ಕ ಹರಿಯತ್ತೆ. ನಿಮ್ಮಮ್ಮನ್ನ ಕೇಳು, ಹೇಳ್ತಾರೆ."

"ಬೇರೆ ಫ್ರೇಮು?"

"ಹಳೇದೊಂದು ಬರೋದಿದೆ. ಐದು ವಾರ ಆಗತ್ತೆ."

"ಅಲ್ಲಿ ತನಕ?"

ಕಡ್ಡಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ನೀನು ನನ್ನ ಮಗಳಾಗಿದ್ರೆ ಇದನ್ನ ಗೋಡೆಗೆ ನೇತು ಹಾಕ್ತಿದ್ದೆ."

"ನಾನು ನಿಮ್ಮ ಮಗಳಲ್ಲವಲ್ಲ."

"ಅದಕ್ಕೇ ವಾಪಸ್ ಕೊಡ್ತಾ ಇದೀನಿ."

ಬಾಡಿಗೆಗೆ ಕೊಡಲು ಅವನ ಹತ್ತಿರ ಇದ್ದವೆಲ್ಲ ಪೇಟೆಯಲ್ಲಿ ಓಡಾಡುವ ಸಣ್ಣ ಟೈರಿನವು. ಗುಡ್ಡದ ಮೇಲೆ ಒಂದು ದಿನವೂ ಬಾಳುತ್ತಿರಲಿಲ್ಲ. ಹೊಸದರ ಬೆಲೆ ಅವಳು ಕೇಳಲೇ ಇಲ್ಲ. ಕೇಳಿದರೆ ಅವನಿಗೂ ಮುಜುಗರ, ಅವಳಿಗೂ.

ಸಂಜೆ ಮನೆಯಲ್ಲಿ ಸೈಕಲನ್ನು ನಡುಮನೆಯಲ್ಲಿ ಹಳೇ ಪೇಪರಿನ ಮೇಲೆ ಮಲಗಿಸಿ ನಾಲ್ಕೂ ಜನ ಸುತ್ತ ಕೂತರು. ಊಟಕ್ಕೆ ಬಡಿಸಿದ ತಟ್ಟೆಗಳನ್ನು ಗೋಡೆಬದಿಗೆ ಸರಿಸಬೇಕಾಯಿತು.

ಅಜ್ಜಿ ಮೊದಲು ಕೈ ಹಾಕಿದಳು. ನಾಣ್ಯದಿಂದ ಒಂದೊಂದೇ ಕೊಳವೆಗೆ ಟಕ್ ಟಕ್ ಬಡಿದು, ಕಿವಿ ಕೊಟ್ಟು, ಕೊನೆಗೆ "ಇದು ಒಡೆದ ಮಡಕೆ ಸದ್ದು" ಅಂದಳು.

"ಅಮ್ಮಾ, ನಿನಗೆ ಬಾಗಿಲು ಬಡಿದ್ರೇ ಕೇಳ್ಸಲ್ಲ," ಅಂದ ಅಪ್ಪ.

"ಬಾಗಿಲು ಬಡಿಯೋರೆಲ್ಲ ನಿನ್ನ ಹುಡುಕಿಕೊಂಡು ಬರೋರು ಕಣೋ. ನಾನ್ಯಾಕೆ ಕೇಳಿಸಿಕೊಳ್ಳಲಿ?"

ಅಮ್ಮ ಕತ್ತರಿಸಿ ಉಳಿದ ತೆಳು ನೈಲಾನ್ ಚೂರೊಂದನ್ನು ಬೆರಳಿಗೆ ಸುತ್ತಿಕೊಂಡು ಕೊಳವೆಯ ಮೇಲೆ ಮೆಲ್ಲಗೆ ಎಳೆದಳು. ಬಟ್ಟೆ ಜಾರಿ ಬಂತು, ಬಂತು, ಗೆರೆಯ ಹತ್ತಿರ ತಡೆಯಿತು. ಬಿಡಿಸಿಕೊಂಡಾಗ ಒಂದು ನೂಲು ಅಲ್ಲೇ ಉಳಿಯಿತು. "ಬಣ್ಣ ಆಗಿದ್ರೆ ನೂಲು ಹಿಡೀತಿರಲಿಲ್ಲ," ಅಂದಳು.

ಅಪ್ಪ ಟಾರ್ಚನ್ನು ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಇಪ್ಪತ್ತೊಂಬತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ನಾಲ್ಕು ತಿಂಗಳ ಹಿಂದೆ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನು ಆ ಹೊಗೆ ಕುಡಿದರೆ ನಾನು ಜವಾಬ್ದಾರನಲ್ಲ ಅಂದಿದ್ದರು. ಗ್ಯಾರೇಜಿನ ಯಜಮಾನನಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಅಪ್ಪ ಮನೆಯಲ್ಲಿದ್ದ. ಪಾತ್ರೆ ತೊಳೆಯುತ್ತಿದ್ದ, ತಳದ ಜಿಡ್ಡು ಬಿಡುತ್ತಿದ್ದ. ಕಾರು ಮಿಂಚಿಸಿದವನಿಗೆ ಒಂದು ಬಾಣಲೆ ಮಿಂಚಿಸೋಕೆ ಬರಲಿಲ್ಲ ಅಂತ ಅಜ್ಜಿ ವಾರಕ್ಕೊಮ್ಮೆ ಅನ್ನುತ್ತಿದ್ದಳು.

"ಬಣ್ಣದ್ದೇ," ಅಂತ ಅವನು ತೀರ್ಪು ಕೊಟ್ಟ. "ಏಟು ಬಿದ್ದಾಗ ಬಣ್ಣ ಹೀಗೇ ಸೀಳೋದು. ಸಾವಿರ ಕಾರು ನೋಡಿದೀನಿ."

"ಕಾರು ಎರಡು ತುಂಡಾದ್ರೂ ನಾಲ್ಕು ಚಕ್ರ ಇರತ್ತೆ," ಅಂದಳು ಅಮ್ಮ. "ಇವಳಿಗೆ ಇರೋದು ಎರಡು. ನಾಳೆಯಿಂದ ಹೋಗಬೇಡ ಕಣೆ."

"ಹೋಗದೆ? ನಿನ್ನ ಸೂಜಿಯಿಂದ ಅಕ್ಕಿ ಬರತ್ತಾ?" ಅಂದಳು ಮಗಳು.

"ಬರ್ತಿತ್ತು. ನೀನು ಹುಟ್ಟಿದ ಮೇಲೆ ಎರಡು ವರ್ಷ ಇವರಿಗೆ ಕೆಲಸ ಇಲ್ಲದಾಗ ನನ್ನ ಸೂಜಿಯ ಅಕ್ಕೀನೇ ನೀನು ತಿಂದಿದ್ದು. ರುಚಿ ಮರೆತುಹೋಯ್ತಾ?"

"ಅವತ್ತು ನಿನ್ನ ಕಣ್ಣು ಕಾಣ್ತಿತ್ತು. ಈಗ ದಾರ ಪೋಣಿಸೋಕೆ ನಾನು ಬೇಕು."

ಅಪ್ಪ ಟಾರ್ಚು ಆರಿಸಿದ. ತಟ್ಟೆಗಳು ಮತ್ತೆ ನಡುವಿಗೆ ಬಂದವು. ಆಲೂಗಡ್ಡೆ ತಣ್ಣಗಾಗಿತ್ತು. ಮೊಟ್ಟೆ ಮೂರಿತ್ತು. ಅಜ್ಜಿ ತನ್ನದನ್ನು ಅರ್ಧ ಮಾಡಿ ಮೊಮ್ಮಗಳ ತಟ್ಟೆಗೆ ಹಾಕಿದಳು. "ತಿನ್ನು. ಬೀಳೋದಿದ್ರೆ ಹೊಟ್ಟೆ ತುಂಬಿಸಿಕೊಂಡು ಬೀಳು."

ಮಲಗುವ ಮುಂಚೆ ಮಗಳು ತನಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದಳು. ಅಮ್ಮನ ಡಬ್ಬಿಯಿಂದ ಪೆನ್ಸಿಲ್ ತೆಗೆದು, ಚೂಪು ಮಾಡಿ, ಗೆರೆಯ ಆ ತುದಿಗೊಂದು ಈ ತುದಿಗೊಂದು ಅಡ್ಡ ಗೀಟು ಹಾಕಿ, ಪಕ್ಕದಲ್ಲಿ ಸಣ್ಣದಾಗಿ ತಾರೀಖು ಬರೆದಳು. ಗೀಟು ದಾಟಿದರೆ ನಿಲ್ಲಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಳು. ಹತ್ತುವಾಗ ಮಾತ್ರ ಕೂರುವುದು, ಇಳಿಜಾರಿನಲ್ಲಿ ಇಳಿದು ತಳ್ಳುವುದು ಅಂತಲೂ ಒಪ್ಪಂದವಾಯಿತು.

ಮೊದಲ ವಾರ ಹಾಗೇ ನಡೆಯಿತು. ಸೈಕಲ್ ಇದ್ದೂ ನಡೆಯುವುದು ಎಂಥ ಬೇಸರ ಅಂದರೆ, ಕೈಯಲ್ಲಿ ಕೊಡೆ ಹಿಡಿದು ನೆನೆದ ಹಾಗೆ. ಮನೆ ಮುಟ್ಟುವುದು ಒಂದೂವರೆ ಗಂಟೆ ತಡವಾಗುತ್ತಿತ್ತು. ಆ ಹೊತ್ತಿಗೆ ನಲ್ಲಿ ನಿಂತುಹೋಗಿರುತ್ತಿತ್ತು. ಊರಿಗೆಲ್ಲ ನೀರು ಕಾಯುವವಳ ಮನೆಯಲ್ಲಿ ಬಕೆಟ್ ಖಾಲಿ. ಅಮ್ಮ ನೀರು ಹೊತ್ತು ಸೊಂಟ ಹಿಡಿದುಕೊಂಡಳು, ಅಪ್ಪ ಎರಡು ಕೊಡಕ್ಕೇ ಏದುಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತ. ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವುದು ತಪ್ಪಿತು.

"ಗೆರೆ ಹೇಗಿದೆ?" ಊಟದ ಹೊತ್ತಿಗೆ ಅಮ್ಮ ದಿನಾ ಕೇಳುತ್ತಿದ್ದಳು.

"ಹಾಗೇ ಇದೆ."

ನಿಜವಾಗಿಯೂ ಹಾಗೇ ಇತ್ತು. ಎರಡನೇ ವಾರದ ಗುರುವಾರದವರೆಗೆ.

ಗುರುವಾರ ಮನೆಯ ಹೊರಗೆ ಮೆಟ್ಟಿಲ ಕೆಳಗೆ ಸೈಕಲನ್ನು ತಿರುವಿ ಹಾಕಿ ನೋಡಿದಾಗ, ಗೆರೆ ಮೇಲಿನ ಗೀಟನ್ನು ದಾಟಿ ಸಾಸಿವೆ ಕಾಳಿನಷ್ಟು ಮುಂದೆ ಹೋಗಿತ್ತು. ಕೂದಲೇನೋ ಅಂದುಕೊಂಡು ಬೆರಳಿನಿಂದ ಒರೆಸಿದಳು. ಉಗುಳು ಹಚ್ಚಿ ಒರೆಸಿದಳು. ಹೋಗಲಿಲ್ಲ. ಪೈಪಿನ ಮೇಲಾಗಿದ್ದರೆ ಇದಕ್ಕೆ ಸೋರಿಕೆ ಅಂತ ಹೆಸರು. ಉಳಿದ ಸುತ್ತುಗಳನ್ನು ಬೆರಳಲ್ಲಿ ಎಣಿಸಿದಳು, ಇಪ್ಪತ್ತನಾಲ್ಕು. ಆಮೇಲೆ ಪೆನ್ಸಿಲ್ ತಂದು, ಗೆರೆಯ ಹೊಸ ತುದಿಗೆ ಹೊಸ ಗೀಟು ಹಾಕಿದಳು. ತಾರೀಖು ಬರೆಯಲಿಲ್ಲ.

"ಗೆರೆ ಹೇಗಿದೆ?"

"ಹಾಗೇ ಇದೆ."

"ಮುಖ ಯಾಕೆ ಹಾಗೆ?"

"ಅನ್ನಕ್ಕೆ ಉಪ್ಪು ಜಾಸ್ತಿ."

"ಇವತ್ತು ಉಪ್ಪು ಹಾಕೋದೇ ಮರೆತಿದೀನಿ," ಅಂದಳು ಅಮ್ಮ. ಅಪ್ಪ ನಕ್ಕ. ಮಗಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಭಾನುವಾರ ವಾರದ ರಜೆ. ಆದರೆ ಕ್ಲೋರಿನ್ ಸಿಲಿಂಡರ್ ಬಗ್ಗೆ ತರಬೇತಿ ಅಂತ ಕಚೇರಿಯವರು ಎಲ್ಲರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸಂಜೆ ಬಸ್ಸಿಳಿದಾಗ ಬೀದಿಯ ತಿರುವಿಗೇ ಥಿನ್ನರ್ ವಾಸನೆ ಹೊಡೆಯಿತು. ಪಂಕ್ಚರ್ ಅಂಗಡಿಯಿಂದ ಗಾಳಿಯ ಪೈಪು ಬೀದಿಗುಂಟ ಹಾವಿನಂತೆ ಹರಿದು ಅವಳ ಮನೆ ಬಾಗಿಲ ತನಕ ಬಂದಿತ್ತು. ಪೈಪಿನ ತುದಿಗೆ ಅಪ್ಪನ ಹಳೇ ಸ್ಪ್ರೇ ಗನ್. ಗನ್ನಿನ ಹಿಂದೆ, ಮೂಗಿಗೆ ಅಮ್ಮನ ಹಳೇ ದುಪಟ್ಟಾ ಕಟ್ಟಿಕೊಂಡ ಅಪ್ಪ. ಎರಡು ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಟ್ಟೆ ಒಣಹಾಕುವ ತಂತಿಯಿಂದ ನೇತಾಡುತ್ತಿದ್ದ ಸೈಕಲ್ ಕಡು ಹಸಿರಾಗಿ, ನೀರೊಳಗಿನ ಎಲೆಯ ಹಾಗೆ ಹೊಳೆಯುತ್ತಿತ್ತು.

"ಮುಟ್ಟಬೇಡ, ಹಸಿ ಇದೆ!" ಅಂತ ಅಪ್ಪ ಕೂಗಿದ. ನಾಲ್ಕು ತಿಂಗಳಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಹೋಗಿದ್ದು ಅವಳು ಕೇಳಿರಲಿಲ್ಲ. "ಒಂದು ಪ್ರೈಮರ್, ಮೂರು ಕೈ ಬಣ್ಣ, ಮೇಲೆ ಹೊಳಪಿಗೆ ಲ್ಯಾಕರ್. ಯಾವ ಷೋರೂಮಲ್ಲೂ ಇಂಥದು ಸಿಗಲ್ಲ."

ಅವಳು ಬಗ್ಗಿ ಕೊಳವೆಯ ಅಡಿ ನೋಡಿದಳು. ಗೆರೆ ಇಲ್ಲ, ಗೀಟು ಇಲ್ಲ. ತನ್ನದೇ ಮುಖ ಉದ್ದುದ್ದಕ್ಕೆ ಕಂಡಿತು.

"ಅಪ್ಪ, ಇಲ್ಲಿ ಪೆನ್ಸಿಲ್ ಗುರುತು ಇತ್ತಲ್ಲ?"

"ಇತ್ತು, ಕೊಳಕು. ಒರೆಸಿದೆ. ಆ ಗೆರೆ ಮೇಲೆ ಸ್ವಲ್ಪ ಅರ ಆಡಿಸಿದೆ, ಇಲ್ಲದಿದ್ರೆ ಪುಟ್ಟಿ ಹಿಡಿಯಲ್ಲ. ಪುಟ್ಟಿ ತುಂಬಿ, ಉಜ್ಜಿ, ನೋಡೀಗ. ಎಲ್ಲಿತ್ತು ಅಂತ ನೀನೇ ತೋರಿಸು."

ಅವಳಿಗೆ ತೋರಿಸಲಾಗಲಿಲ್ಲ. ಒಂದು ಆಸೆ ಉಳಿದಿತ್ತು. ಅದನ್ನು ಕೇಳಿದಳು: "ಒಳಗೇನಾದ್ರೂ ಬಿಟ್ರೆ ಮೇಲೆ ಬಣ್ಣ ಸೀಳತ್ತಲ್ಲ? ಗೊತ್ತಾಗತ್ತಲ್ಲ?"

ಅಪ್ಪನಿಗೆ ಅವಮಾನವಾದ ಹಾಗಾಯಿತು. "ಸೀಳೋದಾ? ಇದು ಗೋಡೆ ಪುಟ್ಟಿ ಅಲ್ಲ ಕಣಮ್ಮ, ಕಾರಿನ ಬಂಪರ್‌ಗೆ ಹಾಕೋದು. ಲ್ಯಾಕರ್‌ಗೂ ಬಂಪರಿನ ಮಿಶ್ರಣವನ್ನೇ ಸೇರಿಸಿದೀನಿ. ರಬ್ಬರ್ ಥರ ಬಗ್ಗತ್ತೆ, ಸೀಳಲ್ಲ. ನಿನ್ನ ಸೈಕಲ್ ಮುರಿದ್ರೂ ನನ್ನ ಬಣ್ಣ ಬಿಡಲ್ಲ!"

"ಥೂ, ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿನಗೆ?" ಅಂದಳು ಅಜ್ಜಿ. ಆದರೆ ಅವಳೂ ನಗುತ್ತಿದ್ದಳು. "ಚೆನ್ನಾಗಿದೆ ಬಿಡು. ಪಾತ್ರೆ ತೊಳೆಯೋ ಕೈಯಿಂದ ಇಷ್ಟಾದರೂ ಆಯ್ತಲ್ಲ."

ಅವತ್ತು ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡ. ಊಟದ ನಡುವೆ ಕೆಮ್ಮಿದ, ಕೆಮ್ಮಿನ ನಡುವೆ ಮಾತಾಡಿದ. ಪಂಕ್ಚರ್ ಅಂಗಡಿಯವನು ತನ್ನ ಬೈಕಿನ ಟ್ಯಾಂಕಿಗೂ ಇದೇ ಹಸಿರು ಹೊಡೆದು ಕೊಡಿ ಅಂತ ಕೇಳಿದ್ದನಂತೆ. ಗೆರೆ ಹೇಗಿದೆ ಅಂತ ಅಮ್ಮ ಕೇಳಲಿಲ್ಲ. ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳಲು ಗೆರೆಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ, ಅಪ್ಪ ಏಳುವ ಮುಂಚೆ, ಮಗಳು ಸ್ಯಾಂಡ್ ಪೇಪರ್ ತುಂಡು ಹಿಡಿದು ಮೆಟ್ಟಿಲ ಕೆಳಗೆ ಕೂತಳು. ಒಂದು ಸಲ ಉಜ್ಜಿದ್ದಳೋ ಇಲ್ಲವೋ, ಅಮ್ಮ ನೀರಿನ ಕೊಡ ಹಿಡಿದು ಬಾಗಿಲಿಗೆ ಬಂದಳು.

"ಏನೇ ಮಾಡ್ತಿದೀಯ?"

"ಒಳಗೆ ಹೇಗಿದೆ ನೋಡಬೇಕು."

"ಎರಡು ವಾರ ಹಾಗೇ ಇದೆ ಅಂತ ನೀನೇ ಹೇಳಿದ್ಯಲ್ಲ. ಈಗೇನು ಹೊಸದು?"

ಬಾಯಿ ಬಿಟ್ಟರೆ ಗುರುವಾರದಿಂದ ಬಿಡಬೇಕು. ಬಿಟ್ಟರೆ ಸೈಕಲ್ ಗೋಡೆಗೆ ಹೋಗುತ್ತದೆ, ಸುತ್ತು ತಪ್ಪುತ್ತದೆ, ಟ್ಯಾಂಕಿನ ಕೋಣೆಯ ಚಿಲಕ ಬೇರೆ ಯಾರದೋ ಕೈಗೆ ಹೋಗುತ್ತದೆ. ಅವಳು ಕೊಳವೆಯ ಮೇಲಿನ ಧೂಳು ಊದಿದಳು.

ಅಮ್ಮ ಕೊಡ ಕೆಳಗಿಟ್ಟು, ಸ್ಯಾಂಡ್ ಪೇಪರನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಲ್ಕು ತಿಂಗಳ ಮೇಲೆ ನಿನ್ನೆ ಆ ಮನುಷ್ಯ ಹೊಟ್ಟೆ ತುಂಬ ಉಂಡಿದ್ದಾರೆ. ಎದ್ದು ಬಂದು ಇದನ್ನ ನೋಡಬೇಕಾ?"

ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಡ್ಡಿಯ ಅಂಗಡಿಗೆ ನಿಂತಳು. ಕಡ್ಡಿ ಕೊಳವೆಯ ಮೇಲೆ ಹೆಬ್ಬೆರಳು ಆಡಿಸಿದ. "ಯಾರು ಮಾಡಿದ್ದು?"

"ನಮ್ಮಪ್ಪ."

"ಕೈ ಅಂದ್ರೆ ಕೈ." "ಕನ್ನಡಿಗೆ ಬಣ್ಣ ಬಳಿದು, ನನ್ನ ಮುಖ ಹೇಗಿದೆ ಹೇಳು ಅಂದ ಹಾಗಿದೆ ತಂಗಿ. ನಾನೇನು ಹೇಳಲಿ? ಗೀಟು ದಾಟಿತ್ತಾ?"

"ಇಲ್ಲ."

"ಹಾಗಾದ್ರೆ ಇನ್ನು ಮೂರು ವಾರ ಹುಷಾರಾಗಿರು. ಫ್ರೇಮು ಬರತ್ತೆ."

ಸುಳ್ಳು ಮತ್ತೊಮ್ಮೆ ಹೇಳುವಾಗ ಮೊದಲಿನಷ್ಟು ಕಷ್ಟವಾಗಲಿಲ್ಲ.

ಇಳಿಜಾರಿನಲ್ಲಿ ತಳ್ಳುವುದು ಇನ್ನೂ ಒಂದು ವಾರ ನಡೆಯಿತು. ಆಮೇಲೆ ಲೈನ್ ಮೇಸ್ತ್ರಿ ಪುಸ್ತಕದ ಮೇಲೆ ಕೆಂಪು ಪೆನ್ನು ಬಡಿದ. "ನಾಲ್ಕು ಗಂಟೆಗೆ ಪುಸ್ತಕ ನನ್ನ ಮೇಜಿನ ಮೇಲಿರಬೇಕು. ನೀನು ದಿನಾ ಐದೂವರೆ. ಗುಡ್ಡ ಹತ್ತೋಕೆ ಹೋಗ್ತೀಯೋ, ಹೂ ಕೀಳೋಕೆ ಹೋಗ್ತೀಯೋ?"

"ಸೈಕಲ್ ಸ್ವಲ್ಪ..."

"ಸೈಕಲ್ ಹೊಸದಾಗಿ ಮಿರಮಿರ ಅಂತಿದೆ, ನಾನೇ ನೋಡಿದೀನಿ. ಇನ್ನೊಂದು ಸಲ ತಡವಾದ್ರೆ ಅದೂ ತಪ್ಪಿದ ಸುತ್ತೇ. ಕೇಳಿಸ್ತಾ?" ಆಮೇಲೆ ದನಿ ಇಳಿಸಿ, "ಕೋಣೆಗೆ ಸುಣ್ಣ ಹೊಡೆಸಿದೀನಿ. ಬೇಕಂದ್ರೆ ನಾಳೆ ಗುಡ್ಡ ಹತ್ತಿದಾಗ ನೋಡಿಕೋ," ಅಂದ.

ನೋಡಿದಳು. ಸುಣ್ಣದ ವಾಸನೆ. ಗೋಡೆಗೆ ಒಂದು ಮೊಳೆ, ಅಷ್ಟೇ. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಐದು ನಿಮಿಷ ಮಂಚದ ಮೇಲೆ ಕೂತಿದ್ದು, ಚಿಲಕ ತೆಗೆದು ಹೊರಗೆ ಬಂದಳು. ಅವತ್ತು ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿಯಲಿಲ್ಲ. ಮೊದಲ ತಿರುವಿನಲ್ಲಿ ಬ್ರೇಕು ಹಿಡಿದ ಬೆರಳು ನೋಯಿತು. ಮೂರನೇ ದಿನಕ್ಕೆ ಬೆರಳು ಸಡಿಲವಾಯಿತು. ಕೊಳವೆ ನುಣ್ಣಗಿತ್ತು, ದಿನಾ ಸವರಿ ನೋಡುತ್ತಿದ್ದಳು, ದಿನಾ ನುಣ್ಣಗಿತ್ತು. ಕಣ್ಣಿಗೆ ಕಾಣದ್ದನ್ನು ಎಷ್ಟು ದಿನ ಅಂತ ಹೆದರಿಕೊಂಡಿರುವುದು?

ಮನೆಯಲ್ಲಿ ಅಮ್ಮ ಬೇರೆಯದೇ ಕೆಲಸ ಹಿಡಿದಿದ್ದಳು. ಉಳಿದ ಚೂರುಗಳನ್ನು ಜೋಡಿಸಿ ಗೋಡೆಯಿಂದ ಗೋಡೆಗೆ ಉದ್ದನೆಯ ಪರದೆ ಹೊಲಿಯುತ್ತಿದ್ದಳು. ನಾಲ್ಕನೇ ವಾರದ ಕೊನೆಗೆ ಅದನ್ನು ತಂತಿಗೆ ಪೋಣಿಸಿ ಮಗಳ ಹಾಸಿಗೆಯ ಸುತ್ತ ಎಳೆದು ತೋರಿಸಿದಳು.

"ಕೆಲಸ ಕಾಯಂ ಆಗೋ ಹೊತ್ತಿಗೆ ನಿನಗೂ ಒಂದು ಮರೆ ಇರಲಿ ಅಂತ. ಇನ್ನು ಎಲ್ಲಿಗೂ ಹೋಗೋ ಹಾಗಿಲ್ಲ ನೋಡು."

"ಚೆನ್ನಾಗಿದೆ," ಅಂದಳು ಮಗಳು.

"ಬಾಗಿಲು ಬಡಿಯೋದೇ ಕೇಳ್ಸಲ್ಲ ನನಗೆ," ಅಂತ ಪರದೆಯ ಆಚೆಯಿಂದ ಅಜ್ಜಿ ಅಂದಳು, "ಪರದೆ ಬಡಿದ್ರೆ ಹೇಗೆ ಕೇಳಿಸತ್ತೋ."

ಏಳು ಸುತ್ತು ಬಾಕಿ ಇರುವಾಗ, ಗುರುವಾರ ಮಧ್ಯಾಹ್ನ, ಫ್ರೇಮು ಮುರಿಯಿತು. ಇಳಿಜಾರಿನಲ್ಲಲ್ಲ, ತಿರುವಿನಲ್ಲೂ ಅಲ್ಲ. ಕೆಳಗೆ ನಾಲ್ಕನೇ ವಾಲ್ವಿನ ಹತ್ತಿರ, ಸಮ ನೆಲದಲ್ಲಿ, ಗೇಣಗಲದ ಚರಂಡಿಯೊಂದನ್ನು ದಾಟುವಾಗ. ದಿನಾ ದಾಟುತ್ತಿದ್ದ ಚರಂಡಿ. ಸದ್ದೇನೂ ಆಗಲಿಲ್ಲ. ಕೈಯಲ್ಲಿದ್ದ ಹ್ಯಾಂಡಲ್ ತನ್ನಷ್ಟಕ್ಕೆ ಕೆಳಗೆ ಹೋಯಿತು, ಪಕ್ಕದ ನೀರಿನ ಪೈಪು ಮುಖದ ಹತ್ತಿರ ಬಂತು. ವಾಲ್ವಿಗೆ ಗ್ರೀಸ್ ಹಾಕುವವರು ಅವಳನ್ನು ಕಂಡಾಗ ಮುಕ್ಕಾಲು ಗಂಟೆ ಕಳೆದಿತ್ತು. ಪುಸ್ತಕವನ್ನು ಎದೆಯ ಕೆಳಗೆ ಇಟ್ಟುಕೊಂಡಿದ್ದಳು. ಮೂವತ್ತೊಂದರಲ್ಲಿ ಇಪ್ಪತ್ತೆಂಟು ವಾಲ್ವಿನ ಅಂಕಿ ಅದರಲ್ಲಿತ್ತು.

ಆಸ್ಪತ್ರೆಯಿಂದ ಮೂರನೇ ದಿನ ಮನೆಗೆ ಕಳಿಸಿದರು. ಎಡಗೈಗೆ ಮೊಣಕೈ ತನಕ ಪ್ಲಾಸ್ಟರ್. ಮೇಲಿನ ತುಟಿಗೆ ಐದು ಹೊಲಿಗೆ. "ನನ್ನ ಹೊಲಿಗೆ ಇದಕ್ಕಿಂತ ಸಣ್ಣದಿರತ್ತೆ," ಅಂತ ಅಮ್ಮ ನರ್ಸಿನ ಮುಂದೆ ಅಂದು, ಆಮೇಲೆ ಹೊರಗೆ ಹೋಗಿ ಗೋಡೆ ಹಿಡಿದು ನಿಂತಳು.

ಸೈಕಲ್ ಇನ್ನೂ ಗುಡ್ಡದ ಬುಡದಲ್ಲೇ ಬಿದ್ದಿತ್ತು. ತರಲು ಅಪ್ಪನೇ ಹೋದ. ಯಾರನ್ನಾದರೂ ಕಳಿಸೋಣ ಅಂದರೆ ಕೇಳಲಿಲ್ಲ. ಬೆಳಿಗ್ಗೆ ಹೋದವನು ಊಟದ ಹೊತ್ತು ಮೀರಿದ ಮೇಲೆ ಬಂದ, ಬಾಗಿಲಲ್ಲಿ ಹತ್ತು ನಿಮಿಷ ಉಸಿರಿಗಾಗಿ ಕಾದ. ಆಮೇಲೆ ಸೈಕಲನ್ನು ಮೊದಲ ದಿನ ಮಲಗಿಸಿದ ಜಾಗದಲ್ಲೇ, ಹಳೇ ಪೇಪರಿನ ಮೇಲೆ ಮಲಗಿಸಿದ.

ಮೇಲಿನ ಕೊಳವೆ ಮಡಿಚಿಕೊಂಡಿತ್ತು, ದಪ್ಪ ಕೊಳವೆ ಪೂರ್ತಿ ಬಿಟ್ಟಿತ್ತು. ಆದರೂ ಅದರ ಎರಡು ತುದಿ ಬೇರೆ ಬೇರೆಯಾಗಿರಲಿಲ್ಲ. ಅವುಗಳ ನಡುವೆ ಬೆರಳಗಲದ ಹಸಿರು ಪಟ್ಟಿಯೊಂದು ಚರ್ಮದ ಹಾಗೆ ಎಳೆದುಕೊಂಡು ಹಿಡಿದಿತ್ತು. ಬಣ್ಣ ಒಂದು ಕಡೆಯೂ ಸೀಳಿರಲಿಲ್ಲ.

ಅಪ್ಪ ಕತ್ತರಿ ಕೇಳಿದ. ಅಮ್ಮ ಕೊಟ್ಟಳು. ಪಟ್ಟಿ ಕತ್ತರಿಸಿ, ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದ. ಉಂಗುರದಂಥ ಆ ಬಾಯಿಯ ಮುಕ್ಕಾಲು ಭಾಗ ಕಪ್ಪು ಬೂದು, ಕಾಲು ಭಾಗ ಮಾತ್ರ ಹೊಸ ನಾಣ್ಯದ ಹಾಗೆ ಬೆಳ್ಳಗೆ. ಗುರುವಾರ ಮುರಿದದ್ದು ಆ ಕಾಲು ಭಾಗ. ಉಳಿದದ್ದು ಎಂದೋ ಮುರಿದಿತ್ತು.

"ನಿಂಗೆ ಗೊತ್ತಿತ್ತಾ?" ಅವನು ತಲೆ ಎತ್ತದೆ ಕೇಳಿದ.

"ಗೊತ್ತಿತ್ತು." ಮುಂದಿನ ಹಲ್ಲು ಮುರಿದುಹೋದ ಬಾಯಿಂದ ಮಾತು ಗಾಳಿಯಾಗಿ ಬಂತು.

"ಯಾವಾಗಿಂದ?"

"ನೀನು ಬಣ್ಣ ಹೊಡೆಯೋ ಮೂರು ದಿನ ಮುಂಚೆ. ಗೀಟು ದಾಟಿತ್ತು. ನಾನು ಬೇರೆ ಗೀಟು ಹಾಕಿದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ರಾ?"

ಅಪ್ಪ ಕೊಳವೆಯನ್ನು ಕೆಳಗಿಟ್ಟ. ಕೆಮ್ಮು ಬಂತು, ಮುಗಿಯುವ ತನಕ ಎಲ್ಲರೂ ಕಾದರು. "ಅರ ಆಡಿಸ್ತಿದ್ದೆ," ಅಂದ. "ಬಣ್ಣದ ಗೆರೆ ಆದ್ರೆ ಎರಡು ಎಳೆತಕ್ಕೆ ತಳ ಸಿಗತ್ತೆ. ಎಷ್ಟು ಎಳೆದ್ರೂ ತಳ ಸಿಗಲಿಲ್ಲ."

ಹೊಲಿಗೆ ಮಷೀನಿನ ಹತ್ತಿರ ಅಮ್ಮನ ಕೈ ನಿಂತಿತು.

"ಅಷ್ಟರಲ್ಲಿ ಪುಟ್ಟಿ ಕಲಸಿಬಿಟ್ಟಿದ್ದೆ," ಅಂದ ಅಪ್ಪ. "ಪಂಕ್ಚರ್ ಅಂಗಡಿಯವನು ಗಾಳಿ ಬಿಟ್ಟಿದ್ದ. ಬೀದಿಯವರು ನೋಡ್ತಿದ್ರು. ನಿಲ್ಲಿಸೋಕೆ... ನಿಲ್ಲಿಸಲಿಲ್ಲ."

"ಗಾಳಿ ಬಿಟ್ಟಿದ್ದನಂತೆ!" ಅಂದಳು ಅಜ್ಜಿ. "ಒಂದೇ ಮನೆ, ಒಂದೇ ಅನ್ನ, ಅಪ್ಪ ಮಗಳು ಇಬ್ಬರ ಬಾಯಿಗೂ ಬೀಗ. ನಾಣ್ಯ ಬಡಿದು ಮೊದಲನೇ ದಿನ ನಾನು ಹೇಳಿದ್ದು ಏನು? ಕಿವುಡಿ ಯಾರು ಈ ಮನೇಲಿ?"

"ನನ್ನ ಬಟ್ಟೇಗೂ ಮೊದಲನೇ ದಿನವೇ ನೂಲು ಸಿಕ್ಕಿತ್ತು," ಅಂದಳು ಅಮ್ಮ. ಆಮೇಲೆ ಸೊಂಟ ತಡವಿಕೊಂಡಳು, ಅಲ್ಲಿ ಏನೋ ಇನ್ನೂ ಸಿಕ್ಕಿಸಿಕೊಂಡಿದೆ ಎಂಬಂತೆ. "ಸ್ಯಾಂಡ್ ಪೇಪರ್ ಕಿತ್ತುಕೊಂಡವಳೂ ನಾನೇ."

ಅಮ್ಮ ಎದ್ದು ಹೋಗಿ ಅನ್ನವನ್ನು ನೀರು ನೀರಾಗಿ ಬೇಯಿಸಿ ತಂದಳು, ಅಗಿಯುವುದು ಬೇಡದ ಹಾಗೆ. ಅಪ್ಪ ಚಮಚ ಹಿಡಿದು ಮಗಳಿಗೆ ತಿನ್ನಿಸಲು ಕೂತ. ಅವಳು ಬಲಗೈಯಲ್ಲಿ ಚಮಚ ಕಸಿದುಕೊಂಡು ತಾನೇ ತಿಂದಳು.

ಮಂಗಳವಾರ ಕಡ್ಡಿಯ ಅಂಗಡಿಗೆ ಹಳೇ ಫ್ರೇಮು ಬಂತು. ಬುಧವಾರ ಮೇಸ್ತ್ರಿ ಪುಸ್ತಕ, ಕೆಲಸದ ಕೋಟು ವಾಪಸ್ ಇಸಿದುಕೊಳ್ಳಲು ಮನೆಗೇ ಬಂದ. ಚಹಾ ಕುಡಿದ. ಹೊಸಬ ಸೋಮವಾರದಿಂದ ಸುತ್ತು ಹೊಡೆಯುತ್ತಿದ್ದಾನೆ, ಕಡ್ಡಿಯ ಫ್ರೇಮನ್ನು ಅವನೇ ಕೇಳಿದ್ದಾನೆ ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಕೋಣೆ ವಿಷಯದಲ್ಲಿ ನನಗೂ ಬೇಜಾರಮ್ಮ," ಅಂದ.

"ಯಾವ ಕೋಣೆ?" ಅಂತ ಅಮ್ಮ ಕೇಳಿದಳು.

ಮೇಸ್ತ್ರಿ ಹೇಳಿದ. ಅಮ್ಮ ಕೇಳಿಸಿಕೊಂಡಳು. ಅವನು ಹೋದ ಮೇಲೆ ಒಳಗೆ ಬಂದು, ಮಗಳು ಮಲಗಿದ್ದ ಕಡೆ ನೋಡದೆ, ಪರದೆಯನ್ನು ತಂತಿಯ ಈ ತುದಿಯಿಂದ ಆ ತುದಿಗೆ ಪೂರ್ತಿ ಎಳೆದಳು. ಎಳೆದು ಮಷೀನಿಗೆ ಕೂತಳು. ಪರದೆಯ ಒಳಗೆ ಮಷೀನಿನ ಸದ್ದು ಮೊದಲಿನಷ್ಟೇ ಕೇಳುತ್ತಿತ್ತು.

ಹೋದದ್ದು ಇಷ್ಟು: ಮೇಲಿನ ಸಾಲಿನ ಮುಂದಿನ ಹಲ್ಲು ಎರಡು. ಎಡ ಮಣಿಕಟ್ಟಿನ ಅರ್ಧ ತಿರುವು. ತಪ್ಪಿಸದೆ ಹೊಡೆದ ಸುತ್ತು ನೂರ ನಲವತ್ತೊಂಬತ್ತು. ಒಳಗಿನಿಂದ ಚಿಲಕವಿರುವ ಕೋಣೆ ಒಂದು. ಹಸಿರು ಬಣ್ಣ ಅರ್ಧ ಡಬ್ಬಿ. ಸೈಕಲ್ ಒಂದು.